ಅರಿಶಿನದಲ್ಲಿ ಮೂಡಿಸಿದ ಚಿತ್ರಗಳು

ಛಾಯಾಚಿತ್ರವು ಕಲೆಯೋ ಅಲ್ಲವೋ ಎಂಬ ವಾದವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಜೋರಾಗಿ ನಡೆದಾಗ, ಫ್ರಾನ್ಸಿನ ಛಾಯಾಚಿತ್ರಕಾರ ರೋಬೇರ್ ದೆಮಾಶಿಯಂಥವರು ತಮ್ಮ ಉತ್ತರವನ್ನು ಕ್ಯಾಮೆರಾದಲ್ಲಿ ಹುಡುಕದೆ ಪ್ರಿಂಟಿನಲ್ಲಿ ಹುಡುಕಿದರು. ಜಾಲಿಯ ಅಂಟಿಗೆ ಬಣ್ಣವನ್ನೂ ಡೈಕ್ರೋಮೇಟ್ ಲವಣವನ್ನೂ ಬೆರೆಸಿ ಕಾಗದಕ್ಕೆ ಬಳಿದು, ಮೇಲೆ ನೆಗೆಟಿವ್ ಇಟ್ಟು ಬೆಳಕಿಗೆ ಒಡ್ಡಿದರೆ, ಬೆಳಕು ಬಿದ್ದ ಕಡೆ ಅಂಟು ಗಟ್ಟಿಯಾಗುತ್ತದೆ. ಗಟ್ಟಿಯಾಗದ ಭಾಗವನ್ನು ನೀರಿನಲ್ಲಿ ಕರಗಿಸುತ್ತ, ಬೇಕಾದಲ್ಲಿ ಕುಂಚವಾಡಿಸುತ್ತ ಚಿತ್ರವನ್ನು ಕೈಯಾರೆ ರೂಪಿಸಬಹುದು. ಯಂತ್ರ ತೆಗೆದದ್ದನ್ನು ಕೈ ಮುಗಿಸಿತು, ಆದ್ದರಿಂದ ಇದು ಕಲೆ ಎಂಬುದು ಅವರ ವಾದದ ತಿರುಳು. ಆ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅದಕ್ಕೆ ಆಧಾರವಾಗಿದ್ದ ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ ಕ್ರೋಮಿಯಂನ ಲವಣ. ಕಲೆಯ ಪರವಾಗಿ ಅಷ್ಟು ಸೊಗಸಾಗಿ ವಾದಿಸಿದ ಆ ಪ್ರಿಂಟುಗಳ ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಕೇಳದೆ ಇರಲು ಈಗ ನನಗೆ ಸಾಧ್ಯವಾಗುತ್ತಿಲ್ಲ.

ಕೆಲವು ಕಾಲದಿಂದ ಮನೆಯ ತಾರಸಿಯ ಮೇಲೆ ಬಿಸಿಲಿನಲ್ಲಿ ಪ್ರಿಂಟ್ ಮಾಡುವ ಅಭ್ಯಾಸ ಬೆಳೆಸಿಕೊಂಡಿರುವುದರ ಹಿಂದೆ ಈ ಪ್ರಶ್ನೆಯಿದೆ. ಬೆಳ್ಳಿಯ ಲವಣಗಳ ಕಪ್ಪುಬಿಳುಪು ಪ್ರಿಂಟಿನ ಅಂದವನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಆದರೆ ಮೂಡಿದ ಚಿತ್ರವನ್ನು ಮಾಸದಂತೆ ನಿಲ್ಲಿಸಲು ಬಳಸಿದ ಹೈಪೋ ಎಂಬ ದ್ರಾವಣದಲ್ಲಿ ಕರಗಿರುವ ಬೆಳ್ಳಿಯು ಚರಂಡಿಯ ಮೂಲಕ ಕೆರೆಗೆ ಸೇರಿದರೆ ಜಲಚರಗಳಿಗೆ ವಿಷ. ಹಳೆಯ ಎಕ್ಸ್‌-ರೇ ಫಿಲಂಗಳನ್ನೂ ಬಳಸಿದ ಹೈಪೋವನ್ನೂ ಕೊಂಡು ಬೆಳ್ಳಿ ತೆಗೆಯುವ ಕಸುಬು ನಮ್ಮ ಪೇಟೆಗಳಲ್ಲಿ ಇದ್ದದ್ದು ಪರಿಸರದ ಕಾಳಜಿಯಿಂದಲ್ಲ, ಬೆಳ್ಳಿಯ ಬೆಲೆಯಿಂದ. ಪರಿಣಾಮ ಮಾತ್ರ ಒಳ್ಳೆಯದೇ ಆಗಿತ್ತು. ಕಾಫಿಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿದ, ಫಿಲಂ ಮೇಲೆ ಚಿತ್ರ ಮೂಡಿಸುವ ಡೆವಲಪರ್‌ ಅನ್ನು ಕೆಲವರು ಪರಿಸರಸ್ನೇಹಿ ಎಂದು ಹೊಗಳುತ್ತಾರೆ. ಫಿಲಂ ಸಂಸ್ಕರಿಸಲು ಅದು ಸಾಕು, ಆದರೆ ಅದರ ಮುಂದಿನ ಹಂತದಲ್ಲಿ ಅದೇ ಹೈಪೋ, ಅದೇ ಬೆಳ್ಳಿ.

ಬೆಳ್ಳಿಯನ್ನು ಪೂರ್ತಿಯಾಗಿ ಬಿಟ್ಟ ವಿಧಾನಗಳಲ್ಲಿ ಹೊಸಬರಿಗೆ ನಾನು ಮೊದಲು ಹೇಳುವುದು ಸಯನೋಟೈಪ್. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲಿ ಕಂಡುಕೊಂಡಿದ್ದ ಜಾನ್ ಹರ್ಷೆಲ್‌ ಎಂಬ ವಿಜ್ಞಾನಿಯೇ 1842ರಲ್ಲಿ ಇದನ್ನೂ ಕಂಡುಹಿಡಿದ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎಂಬೆರಡರ ದ್ರಾವಣಗಳನ್ನು ಪ್ರತ್ಯೇಕವಾಗಿ ಮಾಡಿಟ್ಟುಕೊಂಡು, ಬೇಕಾದಾಗ ಮಂದ ಬೆಳಕಿನಲ್ಲಿ ಸಮನಾಗಿ ಬೆರೆಸಿ ಕಾಗದಕ್ಕೆ ಬಳಿದು ಒಣಗಿಸಬೇಕು. ಬಿಸಿಲಿನ ನೇರಳಾತೀತ ಕಿರಣಗಳು ಬಿದ್ದ ಕಡೆ ಕಬ್ಬಿಣದ ಸ್ವರೂಪ ಬದಲಾಗಿ, ಕರಗದ ಕಡುನೀಲಿ ಅಲ್ಲೇ ಹುಟ್ಟುತ್ತದೆ. ಉಳಿದದ್ದು ಬರಿಯ ನೀರಿನಲ್ಲಿ ತೊಳೆದುಹೋಗುತ್ತದೆ. ಎಂಜಿನಿಯರುಗಳ ಬ್ಲೂಪ್ರಿಂಟ್ ಎಂದು ಊರೆಲ್ಲ ಬಲ್ಲ ನೀಲಿ ಇದೇ. ನಮ್ಮ ಬೇಸಿಗೆಯ ನಡುಹಗಲಿನಲ್ಲಿ ಹತ್ತು ಹದಿನೈದು ನಿಮಿಷ ಸಾಕಾಗುವ ಕೆಲಸ ಮಳೆಗಾಲದ ಮೋಡದಡಿ ಗಂಟೆ ದಾಟುತ್ತದೆ, ಒದ್ದೆ ಹವೆಗೆ ಕಾಗದವೂ ಸರಿಯಾಗಿ ಒಣಗುವುದಿಲ್ಲ. ಆನ್ನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ 1843ರಿಂದ ಹತ್ತು ವರ್ಷ ಬ್ರಿಟನ್ನಿನ ಕಡಲಪಾಚಿಗಳನ್ನು ನೇರವಾಗಿ ಇಂಥ ಕಾಗದದ ಮೇಲೆ ಹರಡಿ ಮಾಡಿದ ಪುಟಗಳು ಇಂದಿಗೂ ನೀಲಿಯಾಗಿಯೇ ಇವೆ. ಅವು ಸಸ್ಯವಿಜ್ಞಾನದ ದಾಖಲೆಗಳೆಂದೇ ಹುಟ್ಟಿದವು. ಆದರೆ ಪುಟದ ಮೇಲೆ ಎಳೆಎಳೆಯಾದ ಪಾಚಿಯನ್ನು ಆಕೆ ಇರಿಸಿದ ರೀತಿಯನ್ನು, ಬಿಟ್ಟ ಖಾಲಿ ಜಾಗವನ್ನು ನೋಡಿದರೆ, ದೆಮಾಶಿಯ ಕಾಲದ ವಾದ ಹುಟ್ಟುವ ಮೊದಲೇ ಅದಕ್ಕೆ ಉತ್ತರ ಸಿಕ್ಕಿತ್ತು ಎನ್ನಿಸುತ್ತದೆ.

ಇದು ಪೂರ್ತಿ ನಿರುಪದ್ರವಿ ಎಂದು ನಾನು ಹೇಳಲಾರೆ. ಫೆರಿಸಯನೈಡ್ ತಾನಾಗಿ ತೀರ ವಿಷಕಾರಿಯಲ್ಲದಿದ್ದರೂ ಪ್ರಬಲ ಆಮ್ಲ ತಾಗಿದರೆ ಅಪಾಯಕಾರಿ ಅನಿಲ ಬಿಡುತ್ತದೆ, ಆದ್ದರಿಂದ ಬಚ್ಚಲು ತೊಳೆಯುವ ಆಸಿಡ್ ಇರುವ ಕಡೆ ಈ ಕೆಲಸ ಬೇಡ. ತೊಳೆಯಲು ನೀರೂ ಸಾಕಷ್ಟು ಬೇಕು. ನಲ್ಲಿಯ ಕೆಳಗೆ ಹಿಡಿಯುವ ಬದಲು ತಟ್ಟೆಯಲ್ಲಿ ನೀರು ಬದಲಿಸುತ್ತ ತೊಳೆದರೆ ಖರ್ಚು ತುಂಬ ಇಳಿಯುತ್ತದೆ. ಇದಕ್ಕಿಂತಲೂ ನನ್ನನ್ನು ಕಾಡಿದ್ದು ನೆಗೆಟಿವ್. ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಚಿತ್ರವನ್ನು ಈಗ ಎಲ್ಲರೂ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿಕೊಳ್ಳುತ್ತಾರೆ. ಪ್ರಿಂಟ್ ಎಷ್ಟೇ ಹಸಿರಾಗಿರಲಿ, ಪ್ರತಿ ಚಿತ್ರದ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಉಳಿದುಬಿಡುತ್ತದೆ.

ಇದಕ್ಕೆ ದಾರಿ ನನಗೆ ಹಂಪಿಯ ಹಳೆಯ ಚಿತ್ರಗಳಲ್ಲಿ ಸಿಕ್ಕಿತು. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಚಿತ್ರಿಸಿದ್ದು ಮೇಣ ಕುಡಿಸಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ. ಮೇಣ ಹೀರಿದ ಕಾಗದ ಅರೆಪಾರದರ್ಶಕವಾಗಿ ಬೆಳಕನ್ನು ಬಿಡುತ್ತದೆ. ವಿಠ್ಠಲ ದೇಗುಲದ ಕಲ್ಲಿನ ರಥದ ಮೇಲೆ ಆಗಿನ್ನೂ ಇಟ್ಟಿಗೆಯ ಶಿಖರವಿತ್ತು ಎಂಬುದನ್ನು ಅವನ ಚಿತ್ರದಲ್ಲಿ ನಾವು ಕಣ್ಣಾರೆ ಕಾಣಬಹುದು. ಅದೇ ಜಾಡಿನಲ್ಲಿ ನಾನೂ ಮಾಮೂಲಿ ತೆಳು ಕಾಗದದ ಮೇಲೆ ನೆಗೆಟಿವ್ ಮುದ್ರಿಸಿ, ಹಿಂಬದಿಗೆ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿ, ಚೆನ್ನಾಗಿ ಆರಿದ ಮೇಲೆ ಬಳಸುತ್ತೇನೆ. ಬೆಳಕಿಗೆ ಒಡ್ಡುವ ಹೊತ್ತು ಹೆಚ್ಚುತ್ತದೆ, ಕಾಗದದ ನಾರಿನ ತರಿ ಚಿತ್ರದ ಮೇಲೆ ಬೀಳುತ್ತದೆ. ಸೂಕ್ಷ್ಮ ವಿವರ ಬೇಕೆನ್ನುವವರಿಗೆ ಇದು ಒಗ್ಗದು. ನನಗೆ ಆ ತರಿಯೇ ಇಷ್ಟ.

ಹರ್ಷೆಲ್ ಅದೇ 1842ರಲ್ಲಿ ಪ್ರಕಟಿಸಿದ ಇನ್ನೊಂದು ವಿಧಾನವೂ ಇದೆ, ಅದು ಆಂಥೋಟೈಪ್. ಇದಕ್ಕೆ ರಸಾಯನದ ಅಂಗಡಿಯೇ ಬೇಡ. ಹೂವಿನ, ಎಲೆಯ, ಗೆಡ್ಡೆಯ ರಸವನ್ನು ಕಾಗದಕ್ಕೆ ಬಳಿದು ಬಿಸಿಲಿಗಿಟ್ಟರೆ ಬೆಳಕು ಬಿದ್ದ ಕಡೆ ಬಣ್ಣ ಹಾರಿಹೋಗುತ್ತದೆ, ನೆರಳಿದ್ದ ಕಡೆ ಉಳಿಯುತ್ತದೆ. ಆದ್ದರಿಂದ ಇಲ್ಲಿ ನೆಗೆಟಿವ್ ಬದಲು ಪಾಸಿಟಿವ್ ಇಡಬೇಕು. ಬೀಟ್‌ರೂಟ್, ಪಾಲಕ್‌ಗಳ ರಸದಲ್ಲಿ ಚಿತ್ರ ಮೂಡಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅರಿಶಿನ ಮಾತ್ರ ಒಳ್ಳೆಯ ಬಿಸಿಲಿದ್ದರೆ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಅರಿಶಿನದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಆ ಹಳದಿ ತಿಳಿಯನ್ನು ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸುತ್ತೇನೆ. ಬಿಸಿಲಿನಿಂದ ತೆಗೆದಾಗ ಚಿತ್ರ ಅಷ್ಟಾಗಿ ಕಾಣದು, ಹಳದಿಯ ಮೇಲೆ ತಿಳಿಹಳದಿ, ಅಷ್ಟೆ. ಬಿಳಿಗಾರ ಕರಗಿಸಿದ ನೀರಿನಲ್ಲಿ ಅದ್ದಿದ ಕೂಡಲೇ ಉಳಿದ ಅರಿಶಿನವೆಲ್ಲ ಕೆಂಗಂದು ಬಣ್ಣಕ್ಕೆ ತಿರುಗಿ ಚಿತ್ರ ಎದ್ದುಬರುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುವ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುವ ಗುಣವೇ ಎರಡಕ್ಕೂ ಆಧಾರ. ಬಿಳಿ ಪಂಚೆಗೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದಾಗ ಕೆಂಪಾಗಿ, ಬಿಸಿಲಿಗೆ ಹರವಿದಾಗ ಮಾಯವಾಗುವುದನ್ನು ಕಂಡವರೆಲ್ಲರೂ ಆಂಥೋಟೈಪಿನ ತತ್ತ್ವವನ್ನು ಕಂಡವರೇ.

ವಿಧಾನ ಸುಲಭವೆಂದ ಮಾತ್ರಕ್ಕೆ ಯಾವ ಚಿತ್ರವನ್ನಾದರೂ ಇದರಲ್ಲಿ ಮೂಡಿಸಬಹುದೆಂದಲ್ಲ. ಅರಿಶಿನದ ಪ್ರಿಂಟಿನಲ್ಲಿ ಕಡುಕಪ್ಪಿಲ್ಲ, ಅಚ್ಚಬಿಳುಪೂ ಇಲ್ಲ. ನೆರಳೊಳಗಿನ ವಿವರ ಮುಚ್ಚಿಹೋಗುತ್ತದೆ, ಮುಖದ ಸೂಕ್ಷ್ಮ ಭಾವ ನಿಲ್ಲುವುದಿಲ್ಲ. ಹೀಗಾಗಿ ಕ್ಯಾಮೆರಾ ಹಿಡಿಯುವಾಗಲೇ ಈ ಕಾಗದವನ್ನು ನೆನೆದು ನೋಡಬೇಕಾಗುತ್ತದೆ. ಚಾಮರಾಜನಗರದ ಕಡೆಯ ಅರಿಶಿನದ ಕಣಗಳಲ್ಲಿ ತೆಗೆದ ಚಿತ್ರಗಳಲ್ಲಿ ನಾನು ಪ್ರಿಂಟಿಗೆ ಆರಿಸಿಕೊಂಡದ್ದು ದೊಡ್ಡ ಆಕಾರಗಳಿರುವವನ್ನು ಮಾತ್ರ: ಬೇಯಿಸುವ ಕೊಪ್ಪರಿಗೆಯ ಅಂಚು, ಕಣದ ತುಂಬ ಹರಡಿದ ಕೊಂಬಿನ ಮೇಲೆ ಬಾಗಿದ ಬೆನ್ನುಗಳು. ಬೆಳೆದವರ ಚಿತ್ರ ಅವರು ಬೆಳೆದ ಬೆಳೆಯಲ್ಲೇ ಮೂಡಿದೆ ಎಂದು ಹೇಳಿದರೆ ಕೇಳುವವರು ತಲೆದೂಗುತ್ತಾರೆ. ಆದರೆ ಆ ವಿವರಣೆ ಇಲ್ಲದೆಯೂ ಚಿತ್ರ ನಿಲ್ಲದಿದ್ದರೆ ಅದು ಜಾಣತನವಷ್ಟೇ ಆಗುತ್ತದೆ, ಮತ್ತು ಕಟುವಾಗಿ ನೋಡಿದಾಗ ನನ್ನವುಗಳಲ್ಲಿ ಬಹಳಷ್ಟು ಆ ಸಾಲಿಗೆ ಸೇರುತ್ತವೆ. ವಸ್ತುವೂ ಮಾಧ್ಯಮವೂ ನಿಜವಾಗಿ ಒಂದಾದದ್ದನ್ನು ನೋಡಬೇಕಾದರೆ ವಿಯೆಟ್ನಾಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಲಾವಿದ ಬಿನ್ ಡಾನ್ ಅವರ ಕೆಲಸವನ್ನು ನೋಡಬೇಕು. ಅವರು ವಿಯೆಟ್ನಾಂ ಯುದ್ಧಕ್ಕೆ ಸಂಬಂಧಿಸಿದ ಚಿತ್ರಗಳನ್ನು ಹಸಿ ಎಲೆಗಳ ಮೇಲೆ, ಎಲೆಯ ಪತ್ರಹರಿತ್ತನ್ನೇ ಬಿಸಿಲಿನಲ್ಲಿ ಮಾಸಿಸಿ, ಮೂಡಿಸಿದ್ದಾರೆ. ಅಲ್ಲಿ ಎಲೆಯನ್ನು ತೆಗೆದುಬಿಟ್ಟರೆ ಚಿತ್ರಕ್ಕೆ ಹೇಳಲು ಏನೂ ಉಳಿಯುವುದಿಲ್ಲ.

ಎಲೆಯೂ ಅರಿಶಿನವೂ ಬೆಳಕಿನಿಂದ ಚಿತ್ರವಾಗಿ, ಬೆಳಕಿನಿಂದಲೇ ಅಳಿಯುತ್ತವೆ. ಬಿನ್ ಡಾನ್ ತಮ್ಮ ಎಲೆಗಳನ್ನು ರಾಳದೊಳಗೆ ಹುದುಗಿಸಿ ಕಾಯ್ದಿಡುತ್ತಾರೆ. ಕಾಯ್ದುಕೊಳ್ಳಲು ಮತ್ತೆ ರಾಸಾಯನಿಕಕ್ಕೆ ಶರಣಾಗಬೇಕಾದದ್ದನ್ನು ನಾನು ತಪ್ಪೆನ್ನಲಾರೆ, ಅಷ್ಟು ಬೆಲೆಯ ಕೆಲಸ ಅದು. ಆಂಥೋಟೈಪಿಗೆ ಹೈಪೋದಂತೆ ಚಿತ್ರವನ್ನು ನಿಲ್ಲಿಸುವ ಉಪಾಯ ಈವರೆಗೂ ಇಲ್ಲ. ಮಣ್ಣಿಗೆ ಅತಿ ಕಡಿಮೆ ಹಾನಿ ಮಾಡುವ ಪ್ರಿಂಟೇ ಅತಿ ಬೇಗ ಅಳಿಯುವ ಪ್ರಿಂಟೂ ಆಗಿರುವುದನ್ನು ಹಲವರು ಈ ವಿಧಾನದ ಸೋಲೆಂದು ಹೇಳುತ್ತಾರೆ. ಎಲ್ಲ ಚಿತ್ರಗಳೂ ನೂರು ವರ್ಷ ಗೋಡೆಯ ಮೇಲಿರಬೇಕೆಂಬ ನಿರೀಕ್ಷೆಯನ್ನು ಬಿಟ್ಟರೆ ಅದು ಸೋಲಾಗಿ ಕಾಣುವುದಿಲ್ಲ. ಹರ್ಷೆಲ್‌ನ ಸಸ್ಯರಸದ ಕೆಲವು ಪ್ರಯೋಗಗಳು ಕತ್ತಲಲ್ಲಿ ಇದ್ದದ್ದರಿಂದಲೇ ಇಂದಿನವರೆಗೂ ಉಳಿದಿವೆ. ಗೋಡೆಗೆ ಹಾಕಲೇಬೇಕೆಂದು ಕೇಳುವ ಸ್ನೇಹಿತರಿಗೆ ನಾನು ಸಯನೋಟೈಪನ್ನೇ ಕೊಡುತ್ತೇನೆ. ಬಿಸಿಲು ತಾಗಿ ತುಸು ಮಂಕಾದರೂ ಕೆಲವು ದಿನ ಕತ್ತಲಲ್ಲಿಟ್ಟರೆ ಅದರ ನೀಲಿ ಬಹುಪಾಲು ಮರಳುತ್ತದೆ. ಕ್ಷಾರವೊಂದು ಅದಕ್ಕೆ ಆಗದು, ಹಾಗಾಗಿ ಚೌಕಟ್ಟಿನ ಹಿಂಬದಿಗೆ ಸುಣ್ಣದ ಅಂಶವಿಲ್ಲದ ಕಾಗದವನ್ನೇ ಇಡಬೇಕು. ಅರಿಶಿನದವನ್ನು ಆಲ್ಬಮ್ಮಿನಲ್ಲಿ, ಎರಡು ಹಾಳೆಗಳ ನಡುವೆ ಕೊಡುತ್ತೇನೆ. ಮಾಸಿದ ಮೇಲೆ ಇನ್ನೊಂದು ಮಾಡಿಕೊಡುವೆಯಾ ಎಂದು ಕೇಳುವವರುಂಟು. ಮಾಡಿಕೊಡಬಹುದು, ಆದರೆ ಅಷ್ಟರಲ್ಲಿ ಆ ಅರಿಶಿನದ ಚೀಲ ಮುಗಿದಿರುತ್ತದೆ, ಹೊಸ ಬೆಳೆಯ ಬಣ್ಣ ಹಾಗೆಯೇ ಬರುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.