ಹನ್ನೊಂದನೇ ಸೀಟಿನಿಂದ ಫ್ಯಾಂಟಸಿ ಬೇಸ್‌ಬಾಲ್

ಡ್ರೀಮ್ 11 ಆಡಿ ಗೊತ್ತಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಕೊಹ್ಲಿಯನ್ನು ನೀವೂ ತಗೋಬಹುದು, ನಾನೂ ತಗೋಬಹುದು, ಲಕ್ಷ ಜನ ತಗೋಬಹುದು. ಅಮೆರಿಕದ ಫ್ಯಾಂಟಸಿ ಬೇಸ್‌ಬಾಲ್ ಲೀಗಿನಲ್ಲಿ ಹಾಗಿಲ್ಲ. ಒಬ್ಬ ಆಟಗಾರ ಒಬ್ಬರಿಗೆ ಮಾತ್ರ. ಪಕ್ಕದವನು ಎತ್ತಿಕೊಂಡ ಅಂದರೆ ಮುಗಿಯಿತು, ಅವನಾಗಿಯೇ ಬಿಡುವ ತನಕ ಆ ಹೆಸರು ನಿಮಗಿಲ್ಲ. ಐಪಿಎಲ್ ಹರಾಜಿನಲ್ಲಿ ಮಾಲೀಕರು ಮುಖ ಗಂಟು ಹಾಕಿಕೊಂಡು ಕೂತಿರುತ್ತಾರಲ್ಲ, ಆ ಕುರ್ಚಿ ನಮಗೇ ಸಿಕ್ಕ ಹಾಗೆ.

ನನಗೆ ಆ ಕುರ್ಚಿ ಸಿಕ್ಕಿದ್ದು 2024ರ ಮಾರ್ಚಿನ ಒಂದು ಭಾನುವಾರ, ನ್ಯೂಜೆರ್ಸಿಯಲ್ಲಿ ಸಹೋದ್ಯೋಗಿಯೊಬ್ಬನ ಮನೆಯ ಬೇಸ್‌ಮೆಂಟಿನಲ್ಲಿ. ಹನ್ನೆರಡು ಜನ ಸೇರಿದ್ದೆವು. ಗೆದ್ದರೆ ದುಡ್ಡಿಲ್ಲ, ಒಂದು ಹಳೆಯ ಕಪ್ ಇದೆ. ಕೊನೆಗೆ ಬಂದವನು ಎಲ್ಲರಿಗೂ ಪಿಜ್ಜಾ ಕೊಡಿಸಬೇಕು, ಅಷ್ಟೇ. ಆದರೆ ಅಲ್ಲಿದ್ದವರ ಗಂಭೀರ ಮುಖ ನೋಡಿದರೆ ಯಾರದೋ ಆಸ್ತಿ ಪಾಲಾಗುತ್ತಿದೆ ಅನ್ನಿಸಬೇಕು. ಒಬ್ಬನಂತೂ ಮೂರು ಬಣ್ಣದ ಹೈಲೈಟರ್ ತಂದಿದ್ದ.

ಗೋಡೆಗೆ ದೊಡ್ಡ ಬೋರ್ಡ್. ಪ್ರತಿ ಆಟಗಾರನಿಗೂ ಒಂದು ಸ್ಟಿಕ್ಕರ್. ಆಡುವ ಜಾಗಕ್ಕೆ ತಕ್ಕ ಹಾಗೆ ಬಣ್ಣ: ಔಟ್‌ಫೀಲ್ಡರ್‌ಗೆ ಒಂದು, ಕ್ಯಾಚರ್‌ಗೆ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಇನ್ನೊಂದು, ಚೆಂಡು ಎಸೆಯುವ ಪಿಚರ್‌ಗೆ ಮತ್ತೊಂದು. ಅಂಟಿಸುವ ಕೆಲಸ ಆತಿಥೇಯನ ಹೈಸ್ಕೂಲ್ ಮಗಳದ್ದು. ಒಬ್ಬೊಬ್ಬರಿಗೆ 23 ಆಟಗಾರರು, ಒಂದೊಂದು ಆಯ್ಕೆಗೆ 90 ಸೆಕೆಂಡು. ಸಮಯ ಮುಗಿಯುತ್ತಿದ್ದ ಹಾಗೆ ಅವಳು ಜೋರಾಗಿ ಎಣಿಸುತ್ತಿದ್ದಳು, ಯಾರಿಗೂ ಕರುಣೆ ಇಲ್ಲ.

ಚೀಟಿ ಎತ್ತಿದಾಗ ನನಗೆ ಬಂದದ್ದು ಹನ್ನೊಂದನೇ ಸೀಟು. ಇಲ್ಲಿ ಸರದಿ ಹಾವಿನ ಹಾಗೆ ಹೋಗುತ್ತದೆ. ಮೊದಲ ಸುತ್ತು ಒಂದರಿಂದ ಹನ್ನೆರಡು, ಎರಡನೇ ಸುತ್ತು ಹನ್ನೆರಡರಿಂದ ಒಂದು. ಅಂದರೆ ನನಗೆ 11ನೇ ಆಯ್ಕೆ, ಸ್ವಲ್ಪ ಹೊತ್ತಿಗೇ 14ನೇದು. ಆಮೇಲೆ 35ರ ತನಕ ಬಾಯಿ ಮುಚ್ಚಿಕೊಂಡು ಕೂರಬೇಕು. ನಡುವೆ ಇಪ್ಪತ್ತು ಹೆಸರು ಹೋಗುತ್ತವೆ, ಅದರಲ್ಲಿ ನೀವು ಮನಸ್ಸಿನಲ್ಲಿ ಬರೆದುಕೊಂಡವರೇ ಜಾಸ್ತಿ.

ಅಂಕ ಹೇಗೆ ಅನ್ನೋದು ತಲೆಗೆ ಹೋಗದೆ ಡ್ರಾಫ್ಟ್, ಅಂದರೆ ಈ ಸರದಿಯ ಆಯ್ಕೆ, ಅರ್ಥ ಆಗಲ್ಲ. ನಮ್ಮದು ರೊಟಿಸರಿ ಪದ್ಧತಿ, ಎಲ್ಲರೂ ರೋಟೋ ಅಂತಾರೆ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ಗೆಳೆಯರ ಜೊತೆ ಶುರುಮಾಡಿದ ಆಟ ಇದು. ಅವರು ಊಟಕ್ಕೆ ಸೇರುತ್ತಿದ್ದ ನ್ಯೂಯಾರ್ಕಿನ ಹೋಟೆಲಿನ ಹೆಸರೇ ಆಟಕ್ಕೂ ಅಂಟಿತು. ಆಗ ಕಂಪ್ಯೂಟರ್ ಎಲ್ಲಿ? ಪೇಪರಿನಲ್ಲಿ ಬರುವ ಅಂಕಿಗಳನ್ನು ಕೈಯಲ್ಲೇ ಕೂಡುತ್ತಿದ್ದರು.

ಈಗ ಸಾಮಾನ್ಯವಾಗಿ ಹತ್ತು ವಿಭಾಗ. ಬ್ಯಾಟಿಂಗಿಗೆ ಐದು: ರನ್, ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ತಂದುಕೊಟ್ಟ ರನ್), ಕದ್ದ ಬೇಸ್ (ಯಾರೂ ಹೊಡೆಯದಿದ್ದರೂ ಓಡಿ ಮುಂದಿನ ಬೇಸ್ ಹಿಡಿಯೋದು), ಬ್ಯಾಟಿಂಗ್ ಸರಾಸರಿ (ಬ್ಯಾಟ್ ಹಿಡಿದದ್ದರಲ್ಲಿ ಎಷ್ಟು ಸಲ ಹಿಟ್). ಪಿಚಿಂಗಿಗೆ ಐದು: ಗೆಲುವು, ಸೇವ್, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಇಆರ್‌ಎ, ವಿಪ್. ಪ್ರತಿ ವಿಭಾಗದಲ್ಲೂ ಹನ್ನೆರಡು ತಂಡಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಮೊದಲಿನವನಿಗೆ 12, ಕೊನೆಯವನಿಗೆ 1. ಹೋಮ್ ರನ್‌ನಲ್ಲಿ ನೀವು ಎರಡನೆಯವನಿಗಿಂತ ಒಂದು ಜಾಸ್ತಿ ಹೊಡೆದರೂ 12, ಐವತ್ತು ಜಾಸ್ತಿ ಹೊಡೆದರೂ ಅದೇ 12. ಇಡೀ ಆಟದ ಗುಟ್ಟು ಇಲ್ಲೇ ಇದೆ ಅಂತ ನನ್ನ ಲೆಕ್ಕ. ಒಂದು ಕಡೆ ಮಿಂಚಿ ಪ್ರಯೋಜನ ಇಲ್ಲ, ಎಲ್ಲೂ ತಳ ಹಿಡಿಯಬಾರದು.

ವಿಪ್, ಇಆರ್‌ಎ ಕೇಳಿ ಹೆದರಬೇಡಿ. ಒಬ್ಬ ಪಿಚರ್ ಆರು ಇನ್ನಿಂಗ್ಸ್ ಎಸೆದ, ಎರಡು ರನ್ ಕೊಟ್ಟ ಅನ್ನಿ. ಒಂಬತ್ತು ಇನ್ನಿಂಗ್ಸಿಗೆ ಲೆಕ್ಕ ಹಾಕಿದರೆ ಮೂರು ರನ್. ಅವನ ಇಆರ್‌ಎ 3.00. ಅದೇ ಆರು ಇನ್ನಿಂಗ್ಸಿನಲ್ಲಿ ಐದು ಹಿಟ್ (ಹೊಡೆದು ಬೇಸ್ ಮುಟ್ಟಿದ್ದು), ಒಂದು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್) ಕೊಟ್ಟಿದ್ದರೆ ಒಟ್ಟು ಆರು ಜನ ಬೇಸ್ ಮುಟ್ಟಿದರು. ಆರನ್ನು ಆರರಿಂದ ಭಾಗಿಸಿದರೆ ವಿಪ್ 1.00. ಕ್ರಿಕೆಟ್ಟಿನ ಎಕಾನಮಿ ರೇಟ್ ಗೊತ್ತಿದ್ದವರಿಗೆ ಇದು ಕಷ್ಟವೇ ಅಲ್ಲ. ಇವೆರಡರಲ್ಲೂ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಬ್ಬ ಪಿಚರ್ ಒಂದು ದಿನ ಚೆನ್ನಾಗಿ ಹೊಡೆಸಿಕೊಂಡರೆ ಸಾಕು, ವಾರವಿಡೀ ಕಾಪಾಡಿಕೊಂಡಿದ್ದು ನೀರುಪಾಲು. ಅದಕ್ಕೇ ಆತಿಥೇಯ ಪಿಜ್ಜಾ ಕೊಡುವಾಗಲೇ ಕಿವಿಯಲ್ಲಿ ಹೇಳಿದ್ದ: ರಾಕೀಸ್ ತಂಡದ ಪಿಚರ್ ಮುಟ್ಟಬೇಡ. ಅವರ ಮೈದಾನ ಇರೋದು ಡೆನ್ವರಿನಲ್ಲಿ, ಒಂದು ಮೈಲಿ ಎತ್ತರದಲ್ಲಿ. ಗಾಳಿ ತೆಳು, ಚೆಂಡು ದೂರ ಹಾರುತ್ತದೆ.

ಮೊದಲ ಆಯ್ಕೆಯಲ್ಲಿ ಯಾರಿಗೂ ಆಶ್ಚರ್ಯ ಇರಲಿಲ್ಲ. ಅಟ್ಲಾಂಟಾದ ರೊನಾಲ್ಡ್ ಅಕೂನ್ಯಾ. ಹಿಂದಿನ ವರ್ಷ 41 ಹೋಮ್ ರನ್, 73 ಕದ್ದ ಬೇಸ್. ಒಂದೇ ಸೀಸನ್ನಿನಲ್ಲಿ ಹಾಗೆ ಮಾಡಿದವರು ಅದಕ್ಕೆ ಮುಂಚೆ ಯಾರೂ ಇಲ್ಲ. ಚೀಟಿಯಲ್ಲಿ ಒಂದನೇ ನಂಬರ್ ಬಂದವನು ಕುಣಿದೇ ಬಿಟ್ಟ. ಅಕೂನ್ಯಾನ ತಂಡದವನೇ ಆದ ಪಿಚರ್ ಸ್ಪೆನ್ಸರ್ ಸ್ಟ್ರೈಡರ್ ಕೂಡ ಮೊದಲ ಸುತ್ತಲ್ಲೇ ಹೋದ. 2023ರಲ್ಲಿ 281 ಸ್ಟ್ರೈಕ್‌ಔಟ್ ಮಾಡಿದವನು, ಬಿಡ್ತಾರಾ?

ನನ್ನ ಸರದಿ ಬಂದಾಗ ಕ್ಲೀವ್‌ಲ್ಯಾಂಡಿನ ಹೊಸೆ ರಮಿರೆಜ್ ಇನ್ನೂ ಉಳಿದಿದ್ದ. ಹೊಡೆಯುತ್ತಾನೆ, ಓಡುತ್ತಾನೆ, ಗದ್ದಲ ಇಲ್ಲ. ತಗೊಂಡೆ. ಮುಂದಿನ ಎರಡೂ ಆಯ್ಕೆ ನನ್ನ ಎಡಕ್ಕೆ ಕೂತಿದ್ದ ಹನ್ನೆರಡನೇ ಸೀಟಿನವನದ್ದು. ಅವನು ಎರಡನೇದಕ್ಕೆ, ಬ್ಯಾಟಿಂಗ್ ಪಿಚಿಂಗ್ ಎರಡೂ ಮಾಡುವ ಶೊಹೇ ಒಟಾನಿಯ ಸ್ಟಿಕ್ಕರ್ ಕೇಳಿದ. ರೂಮಿನಲ್ಲಿ ಸಣ್ಣ ಗುಜುಗುಜು. ಒಟಾನಿಗೆ ಮೊಣಕೈ ಆಪರೇಷನ್ ಆಗಿತ್ತು, ಆ ವರ್ಷ ಪಿಚಿಂಗ್ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಮೇಲಾಗಿ ನಮ್ಮ ಲೀಗ್ ನಡೆಯುತ್ತಿದ್ದ ಯಾಹೂವಿನಲ್ಲಿ ಬ್ಯಾಟರ್ ಒಟಾನಿ ಬೇರೆ, ಪಿಚರ್ ಒಟಾನಿ ಬೇರೆ, ಇಬ್ಬರು ಆಟಗಾರರ ಲೆಕ್ಕ. ಫೀಲ್ಡಿಂಗ್ ಮಾಡದ ಬ್ಯಾಟರ್ ಒಟಾನಿಯನ್ನು ಯುಟಿಲಿಟಿ ಜಾಗದಲ್ಲಿ, ಅಂದರೆ ಯಾವ ಬ್ಯಾಟರ್ ಆದರೂ ಸರಿ ಅನ್ನುವ ಜಾಗದಲ್ಲಿ, ಮಾತ್ರ ಇಡಬಹುದು. ಆ ಜಾಗ ತುಂಬಿಬಿಟ್ಟರೆ ಬೇರೆಯವರನ್ನು ಅತ್ತಿತ್ತ ಸರಿಸೋಕೆ ಆಗಲ್ಲ. "ನೋಡ್ತಾ ಇರಿ" ಅಂದ ಅವನು. ನಾನು 14ರಲ್ಲಿ ಫಿಲಡೆಲ್ಫಿಯಾದ ಜ್ಯಾಕ್ ವೀಲರ್‌ನನ್ನು ತಗೊಂಡೆ. ಇಷ್ಟು ಬೇಗ ಪಿಚರ್ ಯಾಕೆ ಅಂತ ಇಬ್ಬರು ನಕ್ಕರು. 35ರ ತನಕ ಕಾಯಬೇಕಾದವನಿಗೆ ಬೇರೆ ದಾರಿ ಏನಿತ್ತು?

ಕೊನೆಯ ಸುತ್ತುಗಳ ಬಗ್ಗೆ ಹೇಳೋದೇನಿಲ್ಲ. ಎಲ್ಲರಿಗೂ ಸುಸ್ತು, ಎಲ್ಲರೂ ಸೇವ್ ತರುವ ಕ್ಲೋಸರ್‌ಗಾಗಿ ಹುಡುಕಾಟ. ತಂಡ ಮೂರು ರನ್ ಒಳಗಿನ ಮುನ್ನಡೆಯಲ್ಲಿರುವಾಗ ಕೊನೆಗೆ ಬಂದು ಪಂದ್ಯ ಉಳಿಸುವವನು ಅವನು. 30 ತಂಡಗಳಿದ್ದರೂ ಆ ಕೆಲಸ ಗಟ್ಟಿಯಾಗಿ ಸಿಕ್ಕಿರುವವರು ಕಡಿಮೆ, ಹಾಗಾಗಿ ಬೇಗ ಖಾಲಿ.

ಸೀಸನ್ ಅಂದರೆ ಪ್ರತಿ ತಂಡಕ್ಕೆ 162 ಪಂದ್ಯ, ಹೆಚ್ಚುಕಡಿಮೆ ದಿನಾ ಒಂದು. ಬೆಳಿಗ್ಗೆ ಕಾಫಿ ಜೊತೆ ಯಾರು ಆಡ್ತಾರೆ, ಯಾರಿಗೆ ರಜೆ ನೋಡಿ ತಂಡ ಜೋಡಿಸೋದೇ ಅಭ್ಯಾಸ ಆಗುತ್ತದೆ. ಏಪ್ರಿಲ್‌ನಲ್ಲೇ ಸ್ಟ್ರೈಡರ್‌ನ ಮೊಣಕೈ ಹೋಯಿತು, ಎರಡೇ ಪಂದ್ಯಕ್ಕೆ ವರ್ಷ ಮುಗಿಯಿತು. ಮೇ 26ರಂದು ಪಿಟ್ಸ್‌ಬರ್ಗಿನಲ್ಲಿ ಅಕೂನ್ಯಾ ಮೂರನೇ ಬೇಸಿನ ಕಡೆ ಹೆಜ್ಜೆ ಹಾಕಿ ವಾಪಸ್ ತಿರುಗಿದ, ಎಡಮೊಣಕಾಲು ಕೈಕೊಟ್ಟಿತು. ಬೇಸ್‌ಮೆಂಟಿನಲ್ಲಿ ಕುಣಿದವನು ಅವನನ್ನು ಗಾಯಾಳುಗಳ ಜಾಗಕ್ಕೆ ಹಾಕಿ ಸುಮ್ನೆ ಕೂರಲಿಲ್ಲ. ಯಾರ ಕೈಯಲ್ಲೂ ಇಲ್ಲದ ಆಟಗಾರರ ಪಟ್ಟಿಗೆ ವೇವರ್ ಅಂತಾರೆ. ಸೀಸನ್ನಿಗೆ ನೂರು ಕಾಲ್ಪನಿಕ ಡಾಲರ್ ಇರುತ್ತದೆ, ಅದರಲ್ಲಿ ಗುಟ್ಟಾಗಿ ಬಿಡ್ ಹಾಕಬೇಕು. ಅವನು ವಾರ ವಾರ ಎರಡು ಡಾಲರ್, ಮೂರು ಡಾಲರ್ ಹಾಕಿ ಹೆಸರೇ ಕೇಳದ ಬ್ಯಾಟರ್‌ಗಳನ್ನು ಹೆಕ್ಕಿದ.

ಒಟಾನಿ ಆ ವರ್ಷ ಏನು ಮಾಡಿದ ಅಂತ ಬೇಸ್‌ಬಾಲ್ ನೋಡದವರಿಗೂ ಗೊತ್ತು. 54 ಹೋಮ್ ರನ್, 59 ಕದ್ದ ಬೇಸ್. ಐವತ್ತು-ಐವತ್ತು ಕಂಡ ಮೊದಲ ಮನುಷ್ಯ. ಹನ್ನೆರಡನೇ ಸೀಟಿನವನು ಹೋಮ್ ರನ್‌ನಲ್ಲೂ ಕದ್ದ ಬೇಸಿನಲ್ಲೂ 12 ಬಾಚಿದ. ಇಆರ್‌ಎಯಲ್ಲಿ 1, ವಿಪ್‌ನಲ್ಲಿ 1, ಸೇವ್‌ನಲ್ಲಿ 2. ಅಕೂನ್ಯಾ ಕಳೆದುಕೊಂಡವನು ಮೂರನೇ ಸ್ಥಾನಕ್ಕೆ ಬಂದ, ನಾನು ಐದನೆಯವನು, ಒಟಾನಿ ಇದ್ದವನು ನನಗಿಂತ ಕೆಳಗೆ.

ಮುಂದಿನ ಮಾರ್ಚಿನಲ್ಲಿ ಅವನಿಗೆ ಮತ್ತೆ ಅದೇ ಹನ್ನೆರಡನೇ ಸೀಟು ಬಂತು. ಪಾಲ್ ಸ್ಕೀನ್ಸ್ ಅಂದ, ಉಸಿರು ಬಿಡದೆ ತಾರಿಕ್ ಸ್ಕೂಬಲ್ ಅಂದ. ಇಬ್ಬರೂ ಪಿಚರ್‌ಗಳೇ. ಎರಡು ಸ್ಟಿಕ್ಕರ್ ಒಟ್ಟಿಗೆ ಬಿಡಿಸುತ್ತಾ ಆ ಹುಡುಗಿ ಕೇಳಿದಳು, "ಈ ಸಲ ಬ್ಯಾಟ್ ಮಾಡೋರು ಯಾರು?"