ಕಲ್ಲಿದ್ದಲಿನ ಗುಡ್ಡದಿಂದ ಜ್ಯಾಕ್ ರ‍್ಯಾಬಿಟ್‌ವರೆಗೆ

ಪೆನ್ಸಿಲ್ವೇನಿಯಾದ ಜಿಮ್ ಥಾರ್ಪ್ ಊರಿಗೆ ಜನ ಮುಗಿಬೀಳುವುದು ಅಕ್ಟೋಬರ್‌ನಲ್ಲಿ, ಗುಡ್ಡದ ಎಲೆಗಳು ಕೆಂಪಾಗುವ ಹೊತ್ತಿಗೆ. ನಾವು ಹೋದದ್ದು ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ. ನನಗೆ ಅಲ್ಲಿ ಒಂದು ಹಳೇ ರೈಲಿನ ಜಾಡು ನೋಡಬೇಕಿತ್ತು. ಅಲ್ಲಿಂದ ಪಶ್ಚಿಮಕ್ಕೆ ಆಲ್ಟೂನಾ, ಆಮೇಲೆ ಪಿಟ್ಸ್‌ಬರ್ಗ್. ಏರಿಳಿಯುವ ಹಳಿಯ ಮೇಲೆ ಮಜಾಕ್ಕೆ ಬಂಡಿ ಓಡಿಸುವ ರೋಲರ್ ಕೋಸ್ಟರ್ ಬೆಳೆದು ಬಂದ ದಾರಿ ಹೆಚ್ಚುಕಡಿಮೆ ಈ ಒಂದೇ ರಾಜ್ಯದೊಳಗೆ ಸಿಗುತ್ತದೆ, ಅದರ ಬೇರು ಆ ಹಳೇ ರೈಲಿನಲ್ಲಿದೆ.

ಜಿಮ್ ಥಾರ್ಪ್‌ನ ಹಳೇ ಹೆಸರು ಮಾಕ್ ಚಂಕ್. 1827ರಲ್ಲಿ ಇಲ್ಲಿ ಗುಡ್ಡದ ಮೇಲಿನ ಸಮ್ಮಿಟ್ ಹಿಲ್‌ನಿಂದ ಲೀಹೈ ನದಿಯ ಕಾಲುವೆವರೆಗೆ ಸುಮಾರು 9 ಮೈಲಿ ಹಳಿ ಹಾಕಿದರು, ಕಲ್ಲಿದ್ದಲು ಇಳಿಸುವುದಕ್ಕೆ. ಎಂಜಿನ್ ಇಲ್ಲ. ಬಂಡಿಗಳು ತಮ್ಮ ಭಾರಕ್ಕೆ ತಾವೇ ಇಳಿಯುತ್ತಿದ್ದವು. ಖಾಲಿ ಬಂಡಿ ಮೇಲಕ್ಕೆ ಎಳೆಯಲು ಹೇಸರಗತ್ತೆಗಳು. ಆ ಹೇಸರಗತ್ತೆಗಳೂ ಕಲ್ಲಿದ್ದಲಿನ ಜೊತೆ ಬಂಡಿಯಲ್ಲಿ ಕೂತೇ ಕೆಳಗೆ ಬರುತ್ತಿದ್ದವು. ಇದನ್ನು ಕೇಳಿ ನನ್ನ ಮಗಳಿಗೆ ಭಾರಿ ಖುಷಿಯಾಯಿತು.

ಆಮೇಲೆ ಖಾಲಿ ಬಂಡಿ ಮೇಲಕ್ಕೆ ಎಳೆಯಲು ಮೌಂಟ್ ಪಿಸ್ಗಾ ಅನ್ನುವ ಗುಡ್ಡದ ಮೇಲೆ ಉಗಿ ಯಂತ್ರ ಕೂರಿಸಿದರು. ಕಡಿದಾದ ಏರಿನಲ್ಲಿ ಬಂಡಿ ಜಾರಿ ವಾಪಸ್ ಬಾರದಿರಲಿ ಅಂತ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಅದಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆ ಇಟ್ಟರು. ಇವತ್ತು ರೋಲರ್ ಕೋಸ್ಟರ್ ಮೇಲೇರುವಾಗ ಕಟಕಟ ಅಂತ ಸದ್ದು ಬರುತ್ತಲ್ಲ, ಅದು ಇದೇ ಉಪಾಯದ ಸದ್ದು. 1872ರಲ್ಲಿ ರೈಲು ಸುರಂಗ ಆದ ಮೇಲೆ ಕಲ್ಲಿದ್ದಲಿಗೆ ಈ ಹಳಿ ಬೇಡವಾಯಿತು, ಜನ ದುಡ್ಡು ಕೊಟ್ಟು ಸುಮ್ನೆ ಮಜಾಕ್ಕೆ ಕೂತರು. 1933ರವರೆಗೂ ಓಡಿತು, ಆಮೇಲೆ ಎಲ್ಲ ಗುಜರಿಗೆ ಹೋಯಿತು. ಈಗ ಅಲ್ಲಿ ಮರಗಳ ನಡುವೆ ನಡೆಯುವ ದಾರಿ ಮಾತ್ರ ಇದೆ. ಇಷ್ಟು ದೊಡ್ಡ ಕಥೆ ಇರುವ ಜಾಗದಲ್ಲಿ ಒಂದಿಷ್ಟು ಹಳಿಯನ್ನಾದರೂ ಉಳಿಸಿ ಮತ್ತೆ ಓಡಿಸಬೇಕಿತ್ತು ಅನ್ನಿಸಿ ನಿಜಕ್ಕೂ ಸಂಕಟವಾಯಿತು.

ರಷ್ಯಾದ ಮಂಜುಗಡ್ಡೆಯ ಜಾರುಬಂಡೆ, 1817ರ ಪ್ಯಾರಿಸ್‌ನ ಗಾಲಿ ಬಂಡಿಗಳು ಇದಕ್ಕಿಂತ ಹಿಂದಿನವು, ಒಪ್ಪೋಣ. ಆದರೆ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ 5 ಸೆಂಟ್ ಟಿಕೆಟ್ಟಿನ ಮರದ ರೈಲು ಶುರು ಮಾಡಿದ ಮೇಲೆಯೇ ಅಮೆರಿಕಕ್ಕೆ ಈ ಹುಚ್ಚು ಹಿಡಿದದ್ದು. ಅದರ ವೇಗ ಗಂಟೆಗೆ 10 ಕಿ.ಮೀ. ಆಸುಪಾಸು, ಅಷ್ಟೇ!

ಆ ಕಾಲದ ಓಟ ಹೇಗಿತ್ತು ಅಂತ ತಿಳಿಯಲು ನಾವು ಆಲ್ಟೂನಾದ ಲೇಕ್‌ಮಾಂಟ್ ಪಾರ್ಕ್‌ಗೆ ಹೋದೆವು. ಅಲ್ಲಿರುವ ಲೀಪ್ ದ ಡಿಪ್ಸ್ 1902ರದ್ದು, ಉಳಿದಿರುವ ರೋಲರ್ ಕೋಸ್ಟರ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು. ಎತ್ತರ 41 ಅಡಿ. ಸೋಫಾದಂಥ ಪುಟ್ಟ ಬಂಡಿಯಲ್ಲಿ ಕೂತ ಕೂಡಲೇ ಮಗಳು ಕೇಳಿದಳು, "ಅಪ್ಪಾ, ಬೆಲ್ಟ್ ಎಲ್ಲಿ?" ಬೆಲ್ಟೂ ಇಲ್ಲ, ತೊಡೆ ಮೇಲೆ ಬರುವ ಸರಳೂ ಇಲ್ಲ. "ಗಟ್ಟಿಯಾಗಿ ಹಿಡ್ಕೋ ಪುಟ್ಟಿ" ಅಂದಳು ನನ್ನ ಹೆಂಡತಿ.

ಬಂಡಿಯನ್ನು ಹಳಿಗೆ ಕೆಳಗಿನಿಂದ ಹಿಡಿದಿಡುವ ಗಾಲಿಯೂ ಇದಕ್ಕಿಲ್ಲ. ಅಕ್ಕಪಕ್ಕದ ಹಲಗೆಗೆ ಉಜ್ಜುವ ಗಾಲಿಗಳಷ್ಟೇ ಅದನ್ನು ದಾರಿ ತಪ್ಪದ ಹಾಗೆ ನೋಡಿಕೊಳ್ಳುತ್ತವೆ. ಹಾಗಾಗಿ ವೇಗ ಜಾಸ್ತಿ ಮಾಡುವ ಹಾಗಿರಲಿಲ್ಲ, ಸರಾಸರಿ ಗಂಟೆಗೆ 16 ಕಿ.ಮೀ. ಆದರೂ ಪ್ರತಿ ಇಳಿಜಾರಿನಲ್ಲಿ ಬಂಡಿ ಚೂರು ಎದ್ದು ಧಪ್ ಅಂತ ಕೂರುತ್ತಿತ್ತು, ಮರ ಕಿರುಗುಟ್ಟುತ್ತಿತ್ತು, ಹೊಟ್ಟೆಯಲ್ಲಿ ಕಚಗುಳಿ ಆಗುತ್ತಿತ್ತು. 1985ರಲ್ಲಿ ನಿಂತೇಹೋಗಿದ್ದ ಇದನ್ನು ಜನ ದುಡ್ಡು ಕೂಡಿಸಿ ರಿಪೇರಿ ಮಾಡಿಸಿ 1999ರಲ್ಲಿ ಮತ್ತೆ ಓಡಿಸಿದರು. ಅವರಿಗೆ ಕೈ ಮುಗಿಯಬೇಕು.

ವೇಗದ ಕಟ್ಟು ಬಿಚ್ಚಿದವರು ಕೋಸ್ಟರ್ ಕಟ್ಟುತ್ತಿದ್ದ ಜಾನ್ ಮಿಲ್ಲರ್. ಹಳಿಯ ಕೆಳಗೂ ಗಾಲಿ ಹಾಕುವ ಉಪಾಯಕ್ಕೆ 1919ರಲ್ಲಿ ಪೇಟೆಂಟ್ ಪಡೆದರು. ಬಂಡಿ ಎದ್ದು ಹೋಗುವ ಭಯ ಇಲ್ಲ ಅಂದ ಮೇಲೆ ಎತ್ತರ, ವೇಗ ಎಲ್ಲಾ ಏರಿತು, ಇಳಿಜಾರು ಕಡಿದಾಯಿತು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ? ಇವತ್ತಿನ ಉಕ್ಕಿನ ಕೋಸ್ಟರ್‌ಗಳೂ ಅದೇ ಉಪಾಯದ ಮೇಲೆ ಓಡುತ್ತವೆ.

ಪಿಟ್ಸ್‌ಬರ್ಗ್ ಹತ್ತಿರದ ಕೆನ್ನಿವುಡ್‌ನಲ್ಲಿ ಮಿಲ್ಲರ್ ಕಟ್ಟಿದ ಜ್ಯಾಕ್ ರ‍್ಯಾಬಿಟ್ 1920ರಿಂದ ಇದೆ. ಈ ಪಾರ್ಕ್ ಮಾಡಿದ್ದು ಒಂದು ಟ್ರಾಮ್ ಕಂಪನಿ, 1898ರಲ್ಲಿ. ರಜಾ ದಿನ ಟ್ರಾಮ್ ಖಾಲಿ ಓಡಬಾರದಲ್ವಾ, ಅದಕ್ಕೇ ಕೊನೆ ಸ್ಟಾಪಿನಲ್ಲಿ ಪಾರ್ಕ್ ಕಟ್ಟುವುದು ಆಗ ಅಮೆರಿಕದಲ್ಲಿ ರೂಢಿ. ಕಾರು ಬಂತು, ಟ್ರಾಮ್ ಹೋಯಿತು. 1930ರ ದಶಕದ ಆರ್ಥಿಕ ಕುಸಿತ, ಆಮೇಲೆ ಯುದ್ಧ. ಮರದ ಕೋಸ್ಟರ್‌ಗಳು ಸಾಲುಸಾಲಾಗಿ ಸುಟ್ಟವು, ಕೊಳೆತವು, ಬಿದ್ದವು.

ಜ್ಯಾಕ್ ರ‍್ಯಾಬಿಟ್ ಮೊದಲು ಕಣಿವೆಗೆ ಇಳಿಯುತ್ತದೆ, ಚೈನ್ ಎಳೆಯುವ ಏರು ಬರುವುದು ಆಮೇಲೆ. ಕಟಕಟ ಶುರುವಾದಾಗ ಮಗಳು ನನ್ನ ಕಡೆ ತಿರುಗಿ "ಹೇಸರಗತ್ತೆ!" ಅಂತ ಕೂಗಿದಳು. ಮೇಲಿಂದ 70 ಅಡಿಯ ಇಳಿಜಾರು, ಅದೂ ಎರಡು ಮೆಟ್ಟಿಲಾಗಿ. ಒಮ್ಮೆ ಬೀಳುತ್ತದೆ, ಅರೆಗಳಿಗೆ ಸಮ ಆಗುತ್ತದೆ, ಮತ್ತೆ ಬೀಳುತ್ತದೆ. ಆ ಎರಡನೇ ಸಲ ಮೈ ಸೀಟು ಬಿಟ್ಟು ಮೇಲೇಳುತ್ತದೆ. ನೀವು ಹೋದರೆ ಕೊನೇ ಸಾಲಿಗೇ ಕೂರಿ, ಕ್ಯೂ ಉದ್ದ ಇದ್ದರೂ ಕಾಯಿರಿ. ಮುಂದಿನ ಸಾಲಿನಲ್ಲಿ ಇದು ಅರ್ಧವೂ ಸಿಗುವುದಿಲ್ಲ.