ಸೂಜಿಗೆ ದಾರ ಪೋಣಿಸುವ ಕಣ್ಣು

ಮದ್ದೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ತಪಾಸಣೆ ಇತ್ತು. ಕಣ್ಣಿನ ಒಳಪರದೆಯ ಚಿತ್ರ ತೆಗೆಯುವ ಫಂಡಸ್ ಕ್ಯಾಮೆರಾದ ಫೋಟೊಗಳು ಒಂದೊಂದಾಗಿ ನನ್ನ ಲ್ಯಾಪ್‌ಟಾಪಿಗೆ ಬರುತ್ತಿದ್ದವು. ಎಲ್ಲರ ಫೋಟೊದಲ್ಲೂ ಒಂದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಲೆನ್ಸ್ ಒರೆಸಲು ಹೇಳಿದೆ. ಕಾಯಿಲೆ ಹಾಗೆ ಒಂದೇ ಕಡೆ ಕೂರುವುದಿಲ್ಲ, ಧೂಳು ಕೂರುತ್ತದೆ.

ಊಟದ ಹೊತ್ತಿಗೆ ಬಂದ ಒಂದು ಫೋಟೊ ನೋಡಿ ಡಬ್ಬಿ ಮುಚ್ಚಿಟ್ಟೆ. ಬಲಗಣ್ಣು. ಅಲ್ಲಲ್ಲಿ ಕೆಂಪು ಚುಕ್ಕೆ, ಸಣ್ಣ ಸಣ್ಣ ರಕ್ತದ ಕಲೆ. ಎರಡು ಮೂರು ಹಳದಿ ಕಲೆಯೂ ಇತ್ತು, ಆದರೆ ದೃಷ್ಟಿಯ ನಡುಭಾಗದಿಂದ ದೂರ. ಮಧ್ಯಮ ಹಂತ, 6 ತಿಂಗಳಿಗೆ ಮತ್ತೆ ಬನ್ನಿ ಎಂದು ಬರೆಯುವುದರಲ್ಲಿದ್ದೆ. ಯಾಕೋ ಸಮಾಧಾನ ಆಗಲಿಲ್ಲ. ರಕ್ತನಾಳಗಳು ಎದ್ದು ಕಾಣಲೆಂದು ಚಿತ್ರವನ್ನು ಹಸಿರು ಬಣ್ಣಕ್ಕೆ ತಿರುಗಿಸಿ ದೊಡ್ಡದು ಮಾಡಿದೆ. ನರ ಹೊರಡುವ ಬಿಳಿ ಬಿಲ್ಲೆಯ ಮೇಲೆ, ಜಡೆಯಿಂದ ಬಿಚ್ಚಿಕೊಂಡ ಎಳೆಕೂದಲಿನಂತೆ, ಹೊಸ ರಕ್ತನಾಳಗಳ ಸಿಕ್ಕು! ಇದು ಕೊನೆಯ ಹಂತ. ಯಾವತ್ತು ಬೇಕಾದರೂ ಒಡೆದು ಕಣ್ಣೊಳಗೆ ರಕ್ತ ತುಂಬಬಹುದು.

ಆ ಫೋಟೊದ ಅಮ್ಮನನ್ನು ಕರೆಸಿದೆ. ಐವತ್ತೈದರ ಆಸುಪಾಸು. ದೃಷ್ಟಿ ಪರೀಕ್ಷೆಯಲ್ಲಿ ಕೊನೆಯ ಸಾಲನ್ನೂ ಓದಿದ್ದರು. ಆಸ್ಪತ್ರೆಗೆ ಬಂದು ಲೇಸರ್ ಚಿಕಿತ್ಸೆ ಮಾಡಿಸಬೇಕು ಎಂದೆ.

"ಸೂಜಿಗೆ ದಾರ ಪೋಣಿಸ್ತೀನಿ ಡಾಕ್ಟ್ರಮ್ಮ, ನಂಗ್ಯಾಕೆ ಲೇಸರು?"

ಚೆನ್ನಾಗಿ ಕಾಣುವವರನ್ನು ಆಸ್ಪತ್ರೆಗೆ ಒಪ್ಪಿಸುವುದೇ ಜಾಸ್ತಿ ಕಷ್ಟ. ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ಸಕ್ಕರೆಯಿಂದ ಸಣ್ಣ ನಾಳಗಳು ಮುಚ್ಚಿವೆ, ಅಂಚಿಗೆ ರಕ್ತ ಹೋಗುತ್ತಿಲ್ಲ, ಅದಕ್ಕೇ ಕಣ್ಣು ಹೊಸ ನಾಳ ಬೆಳೆಸಿಕೊಂಡಿದೆ, ಅವು ಗಟ್ಟಿ ಇರುವುದಿಲ್ಲ ಎಂದೆ.

ಅವರು ಚಿತ್ರವನ್ನೇ ನೋಡುತ್ತಿದ್ದರು. "ನಾಲೆ ಕೊನೇಲಿರೋರಿಗೆ ನೀರು ಬರ್ದಿದ್ರೆ ತಾವೇ ಏರಿ ಕಡ್ದು ಕಾಲ್ವೆ ಮಾಡ್ಕೋತಾರಲ್ಲ, ಹಂಗಾ? ಅದು ಒಡ್ದೋಯ್ತದೆ."

ನಾನು ಇಷ್ಟು ವರ್ಷ ಹೇಳಿದ್ದಕ್ಕಿಂತ ಇದು ಚೆನ್ನಾಗಿತ್ತು. ಹಾಗಾದರೆ ಲೇಸರ್ ಅಂದರೆ ಅಂಚಿನ ಕೆಲವು ಗದ್ದೆಗಳನ್ನು ಬೀಳು ಬಿಟ್ಟ ಹಾಗೆ ಎಂದೆ. ನೀರಿನ ಬೇಡಿಕೆ ಇಳಿಯುತ್ತದೆ, ಕಳ್ಳ ಕಾಲುವೆ ಒಣಗುತ್ತದೆ. ದೃಷ್ಟಿ ಇದಕ್ಕಿಂತ ಚುರುಕಾಗುವುದಿಲ್ಲ, ಕತ್ತಲಲ್ಲಿ ಸ್ವಲ್ಪ ಮಂಜಾಗಲೂಬಹುದು. ಇರುವ ದೃಷ್ಟಿ ಉಳಿಸಿಕೊಳ್ಳಲು ಮಾಡುವುದು ಅಷ್ಟೇ. ಅದನ್ನೂ ಮುಚ್ಚಿಡಲಿಲ್ಲ.

ಸ್ವಲ್ಪ ಹೊತ್ತು ಸುಮ್ನೆ ಕೂತರು. "ಯಾವತ್ತು ಬರ್ಬೇಕು?"

ಅದೇ ವಾರ ಲೇಸರ್ ಶುರುವಾಯಿತು. ಎರಡನೇ ಸಲ ಬರುವಾಗ ಗಂಡನನ್ನೂ ಕರೆದುಕೊಂಡು ಬಂದಿದ್ದರು. ಅವರಿಗೂ 8 ವರ್ಷದಿಂದ ಸಕ್ಕರೆ, ಕಣ್ಣು ಒಮ್ಮೆಯೂ ತೋರಿಸಿರಲಿಲ್ಲ. "ಇವರ್ದೂ ಒಂದು ಫೋಟೊ ತೆಗೀರಿ" ಎಂದರು. ಒಂದೆರಡು ಕೆಂಪು ಚುಕ್ಕೆ ಮಾತ್ರ ಇತ್ತು. ಹಸಿರಿಗೆ ತಿರುಗಿಸಿ ಮತ್ತೊಮ್ಮೆ ನೋಡಿದೆ. ವರ್ಷ ಬಿಟ್ಟು ಬರಲು ಚೀಟಿ ಬರೆದುಕೊಟ್ಟೆ. ಅದನ್ನು ಅಮ್ಮನೇ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು.